ಸ್ಮ್ಯಾಶ್‌ನ ಬಲ ಸೊಂಟದಲ್ಲಿದೆ

ವಾಲಿಬಾಲ್‌ನಲ್ಲಿ ಸ್ಮ್ಯಾಶ್ ಹೊಡೆಯಲು ಹಾರಿದ ಹುಡುಗಿಯನ್ನು ಪಕ್ಕದಿಂದ ಗಮನಿಸಿ. ಕಾಲು ನೆಲ ಬಿಟ್ಟಿದೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿದೆ, ಮರುಕ್ಷಣ ಸೊಂಟ ತಿರುಗಿ ಕೈ ಬೀಸುತ್ತದೆ. ನಡು ಸಡಿಲವಿದ್ದರೆ ಕಾಲಿನ ಬಲ ಅಲ್ಲೇ ಸೋರಿಹೋಗುತ್ತದೆ. ಆ ಕೊರತೆ ತುಂಬಲು ಭುಜ, ಕೆಳಬೆನ್ನು ಹೆಣಗುತ್ತವೆ. ಹದಿಹರೆಯದಲ್ಲಿ ಕೈಕಾಲು ಸರ್ರನೆ ಉದ್ದವಾಗುವಾಗ ಮೈಮೇಲಿನ ಹಿಡಿತವೂ ಕೆಲಕಾಲ ತಪ್ಪುತ್ತದೆ.

ಈ ನಡುವನ್ನೇ ಕೋರ್ ಎನ್ನುತ್ತಾರೆ. ಕೋರ್ ಎಂದರೆ ಹೊಟ್ಟೆಯ ಮುಂಭಾಗ ಮಾತ್ರವಲ್ಲ. ಪಕ್ಕೆಯ ಸ್ನಾಯುಗಳು, ಬೆನ್ನುಮೂಳೆಗೆ ಅಂಟಿದ ಸಣ್ಣ ಸ್ನಾಯುಗಳು, ಮೇಲೆ ಉಸಿರಾಟದ ಸ್ನಾಯುವಾದ ವಪೆ, ಹಿಂದೆ ಪೃಷ್ಠ, ಎಲ್ಲವೂ ಸೇರುತ್ತವೆ. ಕೈಕಾಲು ಆಡುವಾಗ ನಡು ಅಲುಗದಂತೆ ಹಿಡಿಯುವುದು ಇವುಗಳ ಕೆಲಸ. ಆದ್ದರಿಂದ ನೂರು ಸಿಟ್‌ಅಪ್ ಹೊಡೆಸುವುದನ್ನು ದಯವಿಟ್ಟು ಬಿಡಿ.

ಮೊದಲು ಉಸಿರು. ಅಂಗಾತ ಮಲಗಿ ಮಂಡಿ ಮಡಚಿ. ಯಾರೋ ಹೊಟ್ಟೆಗೆ ಬೆರಳಿನಿಂದ ತಿವಿಯಲು ಬಂದರೆ ಹೇಗೆ ಬಿಗಿ ಹಿಡಿಯುತ್ತೀರೋ ಹಾಗೆ ಬಿಗಿಗೊಳಿಸಿ, ಆದರೆ ಉಸಿರಾಟ ನಿಲ್ಲಬಾರದು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ.

ನಂತರ ಡೆಡ್ ಬಗ್. ಅದೇ ಭಂಗಿಯಲ್ಲಿ ಕೈಗಳನ್ನು ಮೇಲಕ್ಕೆ ಚಾಚಿ, ಸೊಂಟ ಮತ್ತು ಮಂಡಿ 90 ಡಿಗ್ರಿಗೆ ಮಡಚುವಂತೆ ಕಾಲೆತ್ತಿ. ಬಲಗೈಯನ್ನು ತಲೆಯ ಹಿಂದಕ್ಕೂ ಎಡಗಾಲನ್ನು ಮುಂದಕ್ಕೂ ನಿಧಾನವಾಗಿ ಚಾಚಿ ವಾಪಸ್ ತನ್ನಿ. ಮತ್ತೆ ಇನ್ನೊಂದು ಜೋಡಿ. ಕೆಳಬೆನ್ನು ನೆಲ ಬಿಟ್ಟೇಳತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಅಷ್ಟೇ ಅಂದಿನ ಮಿತಿ. ಪ್ರತಿ ಬದಿಗೆ 6ರಿಂದ 8, ಎರಡು ಸುತ್ತು. ಒಂದೇ ವ್ಯಾಯಾಮ ಆರಿಸಿ ಎಂದರೆ ನಾನು ಇದನ್ನೇ ಆರಿಸುವೆ. ಎದುರಾಳಿಯ ಹೊಡೆತ ತಡೆಯುವ ಬ್ಲಾಕ್‌ನಲ್ಲೂ ಸ್ಮ್ಯಾಶ್‌ನಲ್ಲೂ ಕೈ ತಲೆಯ ಮೇಲೇರುತ್ತದೆ. ಆಗ ಬೆನ್ನು ಅತಿಯಾಗಿ ಬಾಗದಿರುವುದನ್ನು ಇದು ನೇರವಾಗಿ ಕಲಿಸುತ್ತದೆ.

ಸೈಡ್ ಪ್ಲ್ಯಾಂಕ್ ಎಂದರೆ ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಪಾದದ ಮೇಲೆ ಮೈಯನ್ನು ನೇರವಾಗಿ ಎತ್ತಿ ಹಿಡಿಯುವುದು. ಅದನ್ನು ನಡುಗುತ್ತಾ ಒಂದು ನಿಮಿಷ ಹಿಡಿಯುವುದಕ್ಕಿಂತ 10 ಸೆಕೆಂಡಿನಂತೆ ಐದು ಸಲ ನೇರವಾಗಿ ಹಿಡಿಯುವುದು ಮೇಲು. ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ನೇರಕ್ಕೆ ಚಾಚುವ ಬರ್ಡ್ ಡಾಗ್‌ಗೂ ಇದೇ ಲೆಕ್ಕ. ಪೃಷ್ಠಕ್ಕೆ ಗ್ಲೂಟ್ ಬ್ರಿಜ್, ಅಂದರೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, 10 ಸಲ ಸಾಕು.

ಎರಡು ಮೂರು ವಾರದ ಬಳಿಕ ನಿಂತು ಮಾಡುವ ಅಭ್ಯಾಸಕ್ಕೆ ಬನ್ನಿ. ಸಣ್ಣದಾಗಿ ಹಾರಿ ಒಂಟಿ ಕಾಲಲ್ಲಿ ಇಳಿದು 3 ಸೆಕೆಂಡು ಸ್ಥಿರವಾಗಿ ನಿಲ್ಲಿ. ಮಂಡಿ ಒಳಕ್ಕೆ ವಾಲಬಾರದು, ಮೈ ಪಕ್ಕಕ್ಕೆ ಒರಗಬಾರದು. ಅದು ಕೈಗೂಡಿದ ಮೇಲಷ್ಟೇ ಹಗುರವಾದ ಮೆಡಿಸಿನ್ ಬಾಲನ್ನು (ವ್ಯಾಯಾಮಕ್ಕೆ ಬಳಸುವ ತೂಕದ ಚೆಂಡು) ಸೊಂಟ ತಿರುಗಿಸಿ ಗೋಡೆಗೆ ಎಸೆಯಿರಿ.

ವಾರಕ್ಕೆ ಮೂರು ದಿನ, ವಾರ್ಮ್‌ಅಪ್ ಆದಮೇಲೆ 15 ನಿಮಿಷ ಸಾಕು. ಪಂದ್ಯಕ್ಕೆ ಸ್ವಲ್ಪ ಮುಂಚೆ ಸುಸ್ತಾಗುವಷ್ಟು ಮಾಡಿಸಬೇಡಿ.

ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಕೆಳಬೆನ್ನು ನೋಯುತ್ತಿದ್ದರೆ, ಅದು ಎರಡು ವಾರ ಕಳೆದರೂ ಹೋಗದಿದ್ದರೆ ಸ್ನಾಯು ಹಿಡಿದಿದೆ ಎಂದು ತಳ್ಳಿಹಾಕಬೇಡಿ. ಪದೇ ಪದೇ ಬೆನ್ನು ಬಾಗಿಸುವ ಎಳೆಯ ಆಟಗಾರರ ಸೊಂಟದ ಕಶೇರುಕದಲ್ಲಿ (ಬೆನ್ನುಮೂಳೆಯ ಮಣಿ) ಕೂದಲೆಳೆಯಷ್ಟು ಬಿರುಕು ಮೂಡುವುದುಂಟು. ಹಾರುವುದನ್ನೂ ಹೊಡೆಯುವುದನ್ನೂ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಅವರು ಒಪ್ಪಿದ ಮೇಲೆ ಮತ್ತೆ ಉಸಿರಿನ ಹಂತದಿಂದಲೇ ಆರಂಭಿಸಿ.