ರೈಟ್, ಹೋಲ್ಡಾನ್: ಅರವತ್ತು ದಾಟಿದ ಮಂಡಿಗೆ ಕಂಡಕ್ಟರ್ ಮಾಡಿದ ರಿಪೇರಿ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಸಂಬಳ ತಗೊಂಡವನು ನಾನು. ಹಾಸನ ಬಿಟ್ಟರೆ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು, ಮತ್ತೆ ವಾಪಸ್. ಸೊಂಟವನ್ನು ಸೀಟಿಗೆ ಆನಿಸಿ, ತಿರುವಿನಲ್ಲಿ ಬೀಳದೆ ಚಿಲ್ಲರೆ ಎಣಿಸುತ್ತಿದ್ದೆ. ಆಗ ಮಂಡಿ ಅಂತ ಒಂದು ಇದೆ ಅನ್ನುವುದೇ ನೆನಪಿರುತ್ತಿರಲಿಲ್ಲ. ಅರವತ್ತಕ್ಕೆ ನಿವೃತ್ತಿ ಆಯ್ತು. ಟಿವಿ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಮೂರೇ ವರ್ಷಕ್ಕೆ ಬಲ ಮಂಡಿ ಕೈಕೊಟ್ಟಿತು.

ಡಾಕ್ಟರು ಎಕ್ಸ್‌ರೇ ನೋಡಿ "ಸವೆದಿದೆ" ಅಂದರು. ನನ್ನ ಕಣ್ಣ ಮುಂದೆ ಬಂದಿದ್ದು ಡಿಪೋ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದ ಬೋಳು ಟೈರುಗಳು. ಸವೆದ ಟೈರನ್ನು ಕಡಿಮೆ ಓಡಿಸಬೇಕು, ಅಲ್ವಾ? ಹಾಗಂದುಕೊಂಡು ಇನ್ನೂ ಜಾಸ್ತಿ ಕೂತೆ. ಅರ್ಧ ಫರ್ಲಾಂಗು ದೂರದ ಹಾಲಿನ ಬೂತಿಗೂ ಸ್ಕೂಟರ್. ಆರು ತಿಂಗಳಲ್ಲಿ ಕಮೋಡ್ ಮೇಲಿಂದ ಏಳಲು ಬಾಗಿಲ ಚಿಲಕ ಹಿಡಿಯಬೇಕಾಯ್ತು. ನಡುವೆ ಯಾರೋ ಹೇಳಿದರು ಅಂತ 1,200 ರೂಪಾಯಿ ಕೊಟ್ಟು ಎಣ್ಣೆಯೊಂದನ್ನು ತರಿಸಿದೆ. ತಿಕ್ಕಿದಾಗ ಹಾಯಾಗಿತ್ತು, ಅಷ್ಟೇ.

ಕೊನೆಗೆ ಫಿಸಿಯೋಥೆರಪಿಗೆ ಹೋದೆ. ಅಲ್ಲಿದ್ದ ಹುಡುಗಿಗೆ ನನ್ನ ಮಗಳಷ್ಟೇ ವಯಸ್ಸು. ಮಂಡಿಯನ್ನು ಮುಟ್ಟಲೇ ಇಲ್ಲ, ಟೇಪು ತಂದು ಎರಡೂ ತೊಡೆ ಅಳೆದಳು. ಬಲದ ತೊಡೆ ಎಡಕ್ಕಿಂತ ಎರಡು ಸೆಂಟಿಮೀಟರ್ ಸಣ್ಣ! "ಅಂಕಲ್, ನಿಮ್ಮ ಮಂಡಿಯ ಭಾರ ಹೊರಬೇಕಾದವನೇ ರಜೆ ಹಾಕಿದ್ದಾನೆ ನೋಡಿ" ಅಂದಳು. ಟೈರಿನ ಲೆಕ್ಕ ಹೇಳಿದೆ, ನಕ್ಕಳು. ಮೂಳೆ ತುದಿಗೆ ಕಾರ್ಟಿಲೇಜ್ ಅನ್ನುವ ನುಣುಪು ಪದರ ಇರುತ್ತದಂತೆ. ಅದಕ್ಕೆ ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವವೇ ಅದರ ಊಟ. ಪಾತ್ರೆ ತೊಳೆಯುವ ಸ್ಪಂಜು ಇದೆಯಲ್ಲ, ಹಿಂಡಿದರೆ ನೀರು ಬಿಡುತ್ತದೆ, ಕೈ ಬಿಟ್ಟರೆ ಹೀರಿಕೊಳ್ಳುತ್ತದೆ. ಕಾಲು ಆಡಿದಾಗ ಅಲ್ಲೂ ಅದೇ ನಡೆಯುತ್ತದೆ. ಸುಮ್ನೆ ಕೂತರೆ ಪದರಕ್ಕೂ ಉಪವಾಸ, ತೊಡೆಗೂ ಉಪವಾಸ.

ನೀವು ಶುರು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ. ಕೂತು, ಎರಡೂ ಕೈಯನ್ನು ಎದೆ ಮೇಲೆ ಅಡ್ಡ ಇಡಿ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಮನೆಯವರು ಎಣಿಸಲಿ. 60ರಿಂದ 64ರ ಗಂಡಸರಿಗೆ 14, ಹೆಂಗಸರಿಗೆ 12 ಬರಬೇಕು. 65ರಿಂದ 69ಕ್ಕೆ 12 ಮತ್ತು 11. ಅದಕ್ಕಿಂತ ಕಮ್ಮಿ ಬಂದರೆ ಕಾಲಿನಲ್ಲಿ ಶಕ್ತಿ ಸಾಲದು, ಬೀಳುವ ಭಯ ಜಾಸ್ತಿ ಅಂತ ಲೆಕ್ಕ. ನನಗೆ ಬಂದಿದ್ದು ಎಂಟು.

ಮೊದಲ ಎರಡು ವ್ಯಾಯಾಮಕ್ಕೆ ಹಾಸಿಗೆ ಬಿಟ್ಟು ಏಳಬೇಕಾಗಿಲ್ಲ. ಟವೆಲ್ ಸುತ್ತಿ ಮಂಡಿ ಕೆಳಗೆ ಇಟ್ಟುಕೊಳ್ಳಿ. ಕಾಲ್ಬೆರಳನ್ನು ನಿಮ್ಮ ಕಡೆಗೆ ಎಳೆದುಕೊಂಡು, ಟವೆಲ್ಲನ್ನು ಮಂಡಿಯಿಂದ ಕೆಳಕ್ಕೆ ಒತ್ತಿ. ಐದು ಎಣಿಸಿ, ಬಿಡಿ. ಹತ್ತು ಸಲ. ತೊಡೆ ಮೇಲೆ ಅಂಗೈ ಇಟ್ಟು ನೋಡಿ, ಸ್ನಾಯು ಬಿಗಿಯಾಗಬೇಕು. ನನ್ನದು ಮೊದಲ ವಾರ ಹಿಟ್ಟಿನ ಮುದ್ದೆ ಹಾಗೆ ಮೆತ್ತಗೇ ಇತ್ತು. ಎರಡನೆಯದಕ್ಕೆ ಒಂದು ಕಾಲನ್ನು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಬೇಕು. ಐದು ಎಣಿಸಿ ನಿಧಾನ ಇಳಿಸಿ. ಮಡಚಿದ ಕಾಲನ್ನು ಚಾಚಬೇಡಿ, ಸೊಂಟಕ್ಕೆ ಹಿಡಿದುಕೊಳ್ಳುತ್ತದೆ. ಉಸಿರು ಕಟ್ಟಬಾರದು. ಬಿಪಿ ಇರುವವರಂತೂ ಬಾಯಿಬಿಟ್ಟು ಎಣಿಸಿ, ಆಗ ಉಸಿರು ಕಟ್ಟುವುದಕ್ಕೆ ಆಗುವುದೇ ಇಲ್ಲ.

ಮೂರನೆಯದೇ ನಿಜವಾದ ಕೆಲಸ, ಕುರ್ಚಿಯಿಂದ ಏಳುವುದು. ಇದನ್ನು ಸುಮಾರು ಜನ ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ. ಕುರ್ಚಿಯ ಅಂಚಿಗೆ ಬನ್ನಿ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರಲಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ, ಆಮೇಲೆ ಏಳಿ. ಎರಡು ಮಂಡಿ ಒಂದಕ್ಕೊಂದು ಒಳಗೆ ವಾಲಬಾರದು. ಏಳುವಾಗ ನಾನು ಬಾಯಲ್ಲಿ "ರೈಟ್" ಅನ್ನುತ್ತೇನೆ. ಕೂರುವಾಗ "ಹೋಲ್ಡಾ...ನ್" ಅಂತ ನಾಲ್ಕು ಎಣಿಕೆಯಷ್ಟು ಎಳೆಯುತ್ತೇನೆ. ದೊಪ್ಪಂತ ಕೂತರೆ ಆ ಸಲದ್ದು ಲೆಕ್ಕಕ್ಕಿಲ್ಲ. ನಿಧಾನ ಇಳಿಯುವಾಗಲೂ ತೊಡೆ ದುಡಿಯುತ್ತದೆ. ಏಳಲು ಆಗದಿದ್ದರೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎಂಟೆಂಟು ಸಲದ ಎರಡು ಸುತ್ತು ಸುಲಭವಾದ ಮೇಲೆ ಒಂದು ದಿಂಬು ತೆಗೆಯಿರಿ. ನಾನು ಎರಡನೇ ದಿಂಬು ತೆಗೆದಿದ್ದು ಐದನೇ ವಾರ.

ನಾಲ್ಕನೆಯದು ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಹಾಲು ಉಕ್ಕುವುದರೊಳಗೆ ಹದಿನೈದು ಸಲ ಆಗುತ್ತದೆ. ಐದನೆಯದು ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡ್ ನಿಲ್ಲುವುದು, ಕಟ್ಟೆಗೆ ಬೆರಳು ತಾಗಿರಲಿ. ಒದ್ದೆ ನೆಲದ ಮೇಲೆ ಮಾತ್ರ ಬೇಡ.

ಟವೆಲ್ ಒತ್ತುವುದು ದಿನಾ. ಕುರ್ಚಿ ಕೆಲಸ ದಿನ ಬಿಟ್ಟು ದಿನ. ಬಸ್ಸಿನಲ್ಲಿ ಟಿಕೆಟ್ ಲೆಕ್ಕದ ವೇಬಿಲ್ ಬರೆದ ಅಭ್ಯಾಸ ನನ್ನನ್ನು ಬಿಟ್ಟಿಲ್ಲ, ಹಳೇ ಡೈರಿಯಲ್ಲಿ ತಾರೀಕು, ಸಲ, ನೋವು ಮೂರನ್ನೂ ಬರೆಯುತ್ತೇನೆ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುವುದು. ಮಾಡುವಾಗ ನಾಲ್ಕೈದರವರೆಗೆ ಬಂದರೆ ಗಾಬರಿ ಬೇಡ. ಮಾರನೇ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಕಮ್ಮಿ ಮಾಡಿ, ಬಿಡಬೇಡಿ. ಮಂಡಿ ಲಟಲಟ ಅನ್ನುತ್ತದೆ ಅಂತ ನಿಲ್ಲಿಸಿದವರನ್ನು ನೋಡಿದ್ದೇನೆ. ನೋವಿಲ್ಲದೆ ಬರೀ ಸದ್ದಾದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗುಣ ಗೊತ್ತಾಗಲು ಆರರಿಂದ ಎಂಟು ವಾರ ಬೇಕು. ಮೂರನೇ ವಾರಕ್ಕೆ ನನಗೂ ಬೇಜಾರಾಗಿತ್ತು. "ರೀ, ಅರವತ್ತಮೂರು ವರ್ಷ ಹಾಳು ಮಾಡಿದ್ದು ಮೂರು ವಾರಕ್ಕೆ ಸರಿಹೋಗುತ್ತಾ?" ಅಂತ ನಮ್ಮವಳು ಗದರಿದಳು.

ನಡಿಗೆಯನ್ನು ಹತ್ತು ನಿಮಿಷದಿಂದ ಶುರು ಮಾಡಿ. ವಾರಕ್ಕೆ ಒಟ್ಟು 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರಿದ್ದರೆ ಸಾಕು. ನಾನು ಮಹಾರಾಜ ಪಾರ್ಕಿನಲ್ಲಿ ಸುತ್ತುತ್ತೇನೆ. ಒಂದು ಪಕ್ಕ ಸವೆದ ಚಪ್ಪಲಿ ಎಸೆಯಿರಿ. ಟೈರಿನ ಲೆಕ್ಕ ನಿಜವಾಗಿ ಹೊಂದುವುದು ಚಪ್ಪಲಿಗೆ!

ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ. ಸಿನಿಮಾದ ಅಜ್ಜಂದಿರು ಉಲ್ಟಾ ಹಿಡಿಯುತ್ತಾರೆ, ನೋಡಿ ಕಲಿಯಬೇಡಿ. ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು.

ತೂಕದ ವಿಷಯ ಯಾರಿಗೂ ಇಷ್ಟವಿಲ್ಲ, ಚುಟುಕಾಗಿ ಹೇಳುತ್ತೇನೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ರಾತ್ರಿ ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಬಂದೆ. ಐದು ಕಿಲೋ ಹೋಯ್ತು.

ನೆಲದ ಮೇಲೆ ಕೂರುವುದನ್ನು ಪೂರ್ತಿ ಬಿಟ್ಟುಬಿಡಿ ಅಂತ ಸುಮಾರು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಂಡಿ ಊದಿರುವಾಗ ಬೇಡ, ಗಂಟೆಗಟ್ಟಲೆಯೂ ಬೇಡ. ಆದರೆ ನೆಲದಿಂದ ಏಳುವ ವಿದ್ಯೆ ಗೊತ್ತಿರಲೇಬೇಕು, ಯಾಕೆಂದರೆ ಒಂದು ದಿನ ಬಿದ್ದರೆ? ಮೊದಲು ಪಕ್ಕಕ್ಕೆ ತಿರುಗಿ. ಅಂಗೈ ಊರಿ ಅಂಬೆಗಾಲಿಗೆ ಬನ್ನಿ. ಕುರ್ಚಿ ಹತ್ತಿರ ಹೋಗಿ ಎರಡೂ ಕೈ ಸೀಟಿನ ಮೇಲಿಡಿ. ಒಳ್ಳೇ ಕಾಲಿನ ಪಾದ ಮುಂದೆ ಊರಿ, ಕೈಯಿಂದ ಒತ್ತಿ ಏಳಿ. ಮಂಡಿ ಕೆಳಗೆ ದಪ್ಪ ಕಂಬಳಿ ಹಾಕಿಕೊಳ್ಳಿ. ನಮ್ಮವಳು ಕುಕ್ಕರಗಾಲಿನಲ್ಲಿ ರಂಗೋಲಿ ಹಾಕುವುದನ್ನು ಬಿಟ್ಟು ಈಗ ಸಣ್ಣ ಸ್ಟೂಲ್ ಇಟ್ಟುಕೊಂಡಿದ್ದಾಳೆ. ರಂಗೋಲಿಯ ಚುಕ್ಕಿ ಮಾತ್ರ ಕಮ್ಮಿ ಆಗಿಲ್ಲ.

ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಶಾಖ, ಊದಿಕೊಂಡಾಗ ಬಟ್ಟೆಯಲ್ಲಿ ಸುತ್ತಿದ ಐಸು. ಕೆಲವಕ್ಕೆ ಮಾತ್ರ ವ್ಯಾಯಾಮ ನಿಲ್ಲಿಸಿ ನೇರ ಡಾಕ್ಟರ ಹತ್ತಿರ ಹೋಗಿ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಮಂಡಿ ಲಾಕ್ ಆಗಿ ನೆಟ್ಟಗಾಗದಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಲಗಿದರೂ ನೋವು ಬಿಡದಿದ್ದರೆ ತಡ ಮಾಡಬೇಡಿ. ಆಪರೇಷನ್ ಆದವರು ಅವರ ಥೆರಪಿಸ್ಟ್ ಹೇಳಿದಂತೆ ಮಾಡಿ, ನನ್ನ ಪಟ್ಟಿ ಹಿಡಿಯಬೇಡಿ.

ನಮ್ಮೂರ ಹಾಸನಾಂಬೆ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಮಂಡಿ ಕೆಟ್ಟ ವರ್ಷ ಸಾಲು ನೋಡಿಯೇ ವಾಪಸ್ ಬಂದಿದ್ದೆ. ಹೋದ ವರ್ಷ ಧರ್ಮದರ್ಶನದ ಸಾಲಿನಲ್ಲಿ ನಾಲ್ಕು ಗಂಟೆ ನಿಂತೆ. ಬೇಜಾರಾದಾಗಲೆಲ್ಲ ಬ್ಯಾರಿಕೇಡ್ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಹಿಂದೆ ನಿಂತಿದ್ದ ಹೆಂಗಸು ಕೇಳಿದರು, "ಯಜಮಾನ್ರೇ, ದೇವಿ ಕಾಣ್ತಾಳಾ ಅಂತ ಇಣುಕ್ತಿದ್ದೀರಾ?" ಅಂತ. "ಇಲ್ಲಮ್ಮ, ಹದಿನೈದಕ್ಕೆ ಇನ್ನೂ ಮೂರು ಬಾಕಿ ಇದೆ" ಅಂದೆ.