ಹಳೆಯ ಮಿಲ್ಲಿಂಗ್ ಯಂತ್ರದ ಸ್ಪಿಂಡಲ್ ಬೇರಿಂಗ್‌ಗಳ ಆರೈಕೆ

ಯಂತ್ರದಲ್ಲಿ ಕತ್ತರಿಸಿದ ಲೋಹದ ಮೇಲ್ಮೈಯಲ್ಲಿ ಅಲೆಯಂಥ ಗೆರೆಗಳು ಮೂಡತೊಡಗಿದೊಡನೆ ಬೇರಿಂಗ್ ಕೆಟ್ಟಿದೆಯೆಂದು ಸ್ಪಿಂಡಲ್ (ಕತ್ತರಿಸುವ ಉಪಕರಣವನ್ನು ಹಿಡಿದು ತಿರುಗುವ ದಂಡ) ಬಿಚ್ಚಲು ಹೊರಡುವುದು ಅವಸರದ ಕ್ರಮ. ಮೊದಲು ಅಳೆಯಬೇಕು. ವಿದ್ಯುತ್ ಸಂಪರ್ಕ ಕಡಿದು, ಡಯಲ್ ಗೇಜಿನ (ಸೂಕ್ಷ್ಮ ಅಲುಗಾಟ ಅಳೆಯುವ ಮಾಪಕ) ಬುಡವನ್ನು ಕ್ವಿಲ್ಲಿನ (ಸ್ಪಿಂಡಲನ್ನು ಹೊತ್ತು ಮೇಲೆ ಕೆಳಗೆ ಸರಿಯುವ ಕೊಳವೆ) ಮೇಲೆಯೇ ನಿಲ್ಲಿಸಿ, ಗೇಜಿನ ತುದಿಯನ್ನು ಸ್ಪಿಂಡಲಿನ ಮೂತಿಗೆ, ಅಂದರೆ ಉಪಕರಣ ಕೂರುವ ತುದಿಗೆ, ತಾಗಿಸಿ, ಸ್ಪಿಂಡಲನ್ನು ಕೈಯಿಂದ ಮೇಲಕ್ಕೂ ಪಕ್ಕಕ್ಕೂ ಹಗುರವಾಗಿ ಒತ್ತಿ ನೋಡಿ. ಬುಡವನ್ನು ಟೇಬಲ್ಲಿನ ಮೇಲೆ ಇಟ್ಟರೆ ಕ್ವಿಲ್ಲಿನ ಸಡಿಲವೂ ಅಳತೆಯಲ್ಲಿ ಸೇರಿಕೊಂಡು, ನಿರಪರಾಧಿಯಾದ ಬೇರಿಂಗಿನ ಮೇಲೆ ಆರೋಪ ಬರುತ್ತದೆ. ಹಗುರ ಒತ್ತಡಕ್ಕೇ ಗೇಜಿನ ಮುಳ್ಳು ಥಟ್ಟನೆ ಜಿಗಿದರೆ ಪ್ರೀಲೋಡ್ (ಸಡಿಲ ಉಳಿಯದಂತೆ ಬೇರಿಂಗಿಗೆ ಮೊದಲೇ ಕೊಟ್ಟ ಒತ್ತಡ) ಹೋಗಿದೆ ಎಂದರ್ಥ.

ಮುಂದಿನ ಪ್ರಶ್ನೆ, ನಿಮ್ಮ ಸ್ಪಿಂಡಲ್ ಎಣ್ಣೆಯದೋ ಗ್ರೀಸಿನದೋ ಎಂಬುದು. ತಯಾರಕರ ಕೈಪಿಡಿಯೇ ಇದಕ್ಕೆ ಪ್ರಮಾಣ. ಎಣ್ಣೆ ಬಟ್ಟಲು ಇರುವ ಯಂತ್ರಕ್ಕೆ ಕೈಪಿಡಿ ಹೇಳಿದ ದರ್ಜೆಯ ತೆಳುವಾದ ಸ್ಪಿಂಡಲ್ ಆಯಿಲ್ ಬೇಕು. ಟೇಬಲ್ ಮುಂತಾದವು ಸರಿಯುವ ಜಾರುಹಳಿಗಳಿಗೆ ಹಾಕುವ ಅಂಟುಗುಣದ ಎಣ್ಣೆ ಇಲ್ಲಿ ಸಲ್ಲದು. ಗ್ರೀಸ್ ತುಂಬಿದ ಬೇರಿಂಗಿಗೆ ಎಣ್ಣೆ ಬಿಟ್ಟರೆ, ಅದು ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ.

ಗ್ರೀಸ್ ಬದಲಿಸುವಾಗ ತಾಳ್ಮೆ ಬೇಕಾಗುವುದು ಶುಚಿತ್ವದಲ್ಲಿ ಮತ್ತು ಪ್ರಮಾಣದಲ್ಲಿ. ಜೋಡಿ ಬೇರಿಂಗ್‌ಗಳು ಕಾರ್ಖಾನೆಯಲ್ಲಿ ಹೊಂದಿಸಿ ಮಾಡಿದವುಗಳಾದ್ದರಿಂದ, ಯಾವುದು ಮೇಲಿತ್ತು, ಯಾವ ಮುಖ ಯಾವ ಕಡೆಗಿತ್ತು, ಸ್ಪೇಸರ್‌ಗಳು (ನಡುವಿನ ಅಂತರದ ಉಂಗುರಗಳು) ಯಾವ ಕ್ರಮದಲ್ಲಿದ್ದವು ಎಂಬುದನ್ನು ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಿ. ಶುದ್ಧ ವೈಟ್ ಸ್ಪಿರಿಟ್ಟಿನಲ್ಲಿ, ಎರಡು ಮೂರು ಬಾರಿ ದ್ರವ ಬದಲಿಸುತ್ತ ತೊಳೆದು, ನೂಲು ಬಿಡದ ಬಟ್ಟೆಯ ಮೇಲೆ ತಾನಾಗಿ ಒಣಗಲು ಬಿಡಿ. ಒತ್ತಡದ ಗಾಳಿಯಿಂದ ಬೇರಿಂಗನ್ನು ಗಿರ್ರೆಂದು ತಿರುಗಿಸುವುದು ಅದಕ್ಕೂ ನಿಮಗೂ ಅಪಾಯ. ಹೊಸ ಗ್ರೀಸ್ ಅತಿ ವೇಗದ ಬೇರಿಂಗ್‌ಗೆಂದೇ ತಯಾರಾದುದಾಗಿರಲಿ, ಒಳಗಿನ ಖಾಲಿ ಜಾಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದಿರಲಿ. ಪ್ರೀತಿಯಿಂದ ಗಿಡಿಯುವ ಹೆಚ್ಚುವರಿ ಗ್ರೀಸನ್ನು ಗುಂಡುಗಳು ಕಡೆಯುತ್ತಲೇ ಇರಬೇಕಾಗಿ ಬಿಸಿಯೇರುತ್ತದೆ, ಮತ್ತು ಆ ಬಿಸಿಯೇ ಗ್ರೀಸಿನ ಆಯುಷ್ಯವನ್ನು ತಿನ್ನುತ್ತದೆ. ಲಿಥಿಯಂ ಗ್ರೀಸಿನ ಉಳಿಕೆಯ ಮೇಲೆ ಪಾಲಿಯೂರಿಯಾ ಗ್ರೀಸ್ ಹಾಕಬೇಡಿ; ಇವೆರಡೂ ಬೆರೆತರೆ ನೀರಾಗಿ ಹರಿದುಹೋಗುವ ಸಾಧ್ಯತೆಯಿದೆ.

ಕೂರಿಸುವಾಗ ಬಿಗಿಯಾಗಿ ಕೂರುವ ಉಂಗುರದ ಮೇಲೆ ಮಾತ್ರ ಒತ್ತಡ ಬೀಳಬೇಕು. ಶಾಫ್ಟಿಗೆ ಒಳ ಉಂಗುರ ಬಿಗಿಯಿದ್ದಾಗ ಹೊರ ಉಂಗುರಕ್ಕೆ ಬಡಿದರೆ, ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಉರುಳುವ ಹಳಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳನ್ನು ಮೂಡಿಸುತ್ತದೆ.

ಜೋಡಿಸಿದ ಮೇಲೆ ಅತಿ ಕಡಿಮೆ ವೇಗದಲ್ಲಿ ಸುಮಾರು 20 ನಿಮಿಷ ಓಡಿಸಿ, ನಂತರ ಒಂದೊಂದೇ ಮೆಟ್ಟಿಲಾಗಿ ವೇಗ ಏರಿಸಿ. ಪ್ರತಿ ಹಂತದಲ್ಲೂ ಮೂತಿಯ ತಾಪ ಏರಿ ಒಂದೆಡೆ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ ಅಥವಾ 60 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಕೆಳಗಿನ ವೇಗದಿಂದ ಆರಂಭಿಸಿ. ಇಷ್ಟಾದ ಮೇಲೂ ಒಳಗಿಂದ ಒರಟು ಗೊರಗೊರ ಸದ್ದು ಬರುತ್ತಿದ್ದರೆ, ಒಂದನ್ನಷ್ಟೇ ಬದಲಿಸದೆ ಹೊಂದಿಸಿದ ಪೂರ್ತಿ ಜೋಡಿಯನ್ನು ಬದಲಿಸಿ.