ಓದಿಗೂ ಒಂದು ಕಿರ್ದಿ ಇಟ್ಟೆ: ನನ್ನ ಅನುಭವ

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಾ ಧಾರವಾಡದ ಸಪ್ತಾಪುರದಲ್ಲಿ ಒಂದೇ ರೂಮಿನಲ್ಲಿ ನಾವು ನಾಲ್ಕು ಹುಡುಗಿಯರಿದ್ದೆವು. ಊರಿಗೆ ಬಂದ ಮೇಲೆ ಒಂದಿನ ಅವರಿಗೆ ಫೋನ್ ಮಾಡಿ, ಓದಿಗೆ ಕಿರ್ದಿ ಇಡ್ತೀನಿ ಅಂದೆ. ಕಿರ್ದಿ ಅಂದರೆ ಅಂಗಡಿಯವರು ದಿನದ ಜಮಾ ಖರ್ಚು ಬರೆಯುವ ಪುಸ್ತಕ. ಮೂವರೂ ನಕ್ಕರು. "ಕಿರ್ದಿ ಬರದು ಯಾರರ ನೌಕರಿ ಹಿಡದಾರೇನ ಲೇ?" ಅಂದಳು ಒಬ್ಬಳು. ಕೋಚಿಂಗಿನ ಸರ್ ಒಬ್ಬರು, ಅದನ್ನು ಬರೆಯುವ ಹೊತ್ತಿನಲ್ಲಿ ಹತ್ತು ಪ್ರಶ್ನೆ ಬಿಡಿಸು ಅಂದರು. ಆಗ ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಇದೆ. ಗ್ರಾಮ ಆಡಳಿತಾಧಿಕಾರಿ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಇಡೀ ರಾಜ್ಯಕ್ಕೆ ಕರೆದದ್ದು 1000 ಹುದ್ದೆ. ಅದಕ್ಕೆ ಎಷ್ಟು ಜನ ಬಡಿದಾಡಿದರು ಅಂತ ಪರೀಕ್ಷೆ ಬರೆದ ನಿಮಗೇ ಗೊತ್ತು.

ಮೊದಲು ದುಡ್ಡಿನ ಮಾತು ಹೇಳಿಬಿಡುತ್ತೇನೆ. 2021ರಲ್ಲಿ ಗಣಪತಿ ಹಬ್ಬ ಮುಗಿಸಿ ಧಾರವಾಡಕ್ಕೆ ಬಂದೆ. ಕೋಚಿಂಗಿಗೆ 22 ಸಾವಿರ. ರೂಮಿಗೆ ತಿಂಗಳಿಗೆ ತಲೆಗೆ 1,800, ಖಾನಾವಳಿಗೆ 2,500ರ ಆಸುಪಾಸು, ರೀಡಿಂಗ್ ರೂಮಿಗೆ 600. ಝೆರಾಕ್ಸ್, ಟೆಸ್ಟ್ ಸೀರೀಸ್ ಎಲ್ಲ ಬೇರೆ. ಒಂದೂವರೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತು. ನಮ್ಮಪ್ಪ ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅವರ ಪಗಾರ ಆಗ 14 ಸಾವಿರ. ಮಾಲೀಕರ ಹತ್ತಿರ 60 ಸಾವಿರ ಮುಂಗಡ ಎತ್ತಿದ್ದರು. ನನಗೆ ಹೇಳಿರಲಿಲ್ಲ. ತಂಗಿ ಹೇಳಿದಳು.

ಆ ಒಂದೂವರೆ ವರ್ಷದಲ್ಲಿ ನಾನು ಬರೆದ ಟೈಮ್‌ಟೇಬಲ್ ಹನ್ನೊಂದೋ ಹನ್ನೆರಡೋ. ಬರೆದ ದಿನ ಭಾರೀ ಹುರುಪು. ಮೂರನೇ ದಿನ ಒಂದು ತಾಸು ತಪ್ಪುತ್ತಿತ್ತು. ಐದನೇ ದಿನ ಮುಖ ನೋಡಲಾರದೆ ಗೋಡೆಯಿಂದ ಕಿತ್ತು ಹಾಕುತ್ತಿದ್ದೆ. ಬೆಳಗ್ಗೆ ನಾಲ್ಕಕ್ಕೆ ಏಳುವುದನ್ನು ನಲವತ್ತು ದಿನ ಮಾಡಿದೆ, ರೀಡಿಂಗ್ ರೂಮಿನಲ್ಲಿ ಹನ್ನೊಂದಕ್ಕೇ ತಲೆ ಮೇಜಿಗೆ ಬೀಳುತ್ತಿತ್ತು. 25 ನಿಮಿಷ ಓದು, 5 ನಿಮಿಷ ಬಿಡು ಅನ್ನುವುದನ್ನೂ ಮಾಡಿ ನೋಡಿದೆ. ಆ ಐದು ನಿಮಿಷಕ್ಕೆ ಫೋನ್ ಹಿಡಿದರೆ ಇಪ್ಪತ್ತೈದು ಅಲ್ಲೇ ಮುಗಿಯುತ್ತಿತ್ತು. ಹುರಿದುಂಬಿಸುವ ವಿಡಿಯೋ ನೋಡಿದ್ದಕ್ಕಂತೂ ಲೆಕ್ಕವೇ ಇಲ್ಲ. ನೋಡುವಾಗ ಮೈ ಜುಂ ಅನ್ನುತ್ತದೆ, ಪುಸ್ತಕ ತೆರೆದರೆ ಅದೇ ಹಳೆಯ ಹಾಳೆ. ನಾಲ್ಕು ಪರೀಕ್ಷೆ ಬರೆದೆ. ಒಂದು ಒಂದೂವರೆ ಅಂಕದಲ್ಲಿ ಹೋಯಿತು. ತಪ್ಪಿಗೆ ಕಾಲು ಅಂಕ ಕಡಿತ ಅಲ್ವಾ, ಗೊತ್ತಿಲ್ಲದ ಆರು ಪ್ರಶ್ನೆಗೆ ಕೈ ಹಾಕಿದ್ದೇ ಮುಳುವಾಯಿತು.

2022ರ ನವೆಂಬರಿನ ಒಂದು ರಾತ್ರಿ ಎದೆ ಡವಡವ ಹೊಡೆದುಕೊಂಡಿತು. ಕೈ ತಣ್ಣಗಾಯಿತು, ಉಸಿರು ಹತ್ತಲಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿತು. ರೂಮಿನವರು ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದರು. ಇಸಿಜಿ ತೆಗೆದರು. ಎಲ್ಲ ಸೇರಿ 900 ರೂಪಾಯಿ. ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕ ಅಂದರು ಡಾಕ್ಟರ್. ಮತ್ತೆ ಎರಡು ಸಲ ಹಾಗಾಯಿತು. ಮೂರನೇ ಸಲ ಗೆಳತಿ 14416ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಆ ಕಡೆಯವರು ಕನ್ನಡದಲ್ಲೇ ಇಪ್ಪತ್ತು ನಿಮಿಷ ಮಾತಾಡಿದರು. ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡು ಅಂದರು. ನಾನು ಅಳುತ್ತಲೇ ಮಾಡಿದೆ. ಇದನ್ನು ಯಾಕೆ ಬರೆದೆ ಅಂದರೆ, ನನ್ನ ಕಿರ್ದಿ ಈ ಜಾಗದ ಔಷಧಿ ಅಲ್ಲ. ಎದೆ ಹೀಗೆ ಹೊಡೆದುಕೊಂಡರೆ ಪುಸ್ತಕ ಮುಚ್ಚಿ, ಫೋನ್ ಮಾಡಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹೋಗಲು ನಾಚಿಕೆ ಬೇಡ.

2023ರ ಫೆಬ್ರವರಿಯಲ್ಲಿ ಗಂಟು ಕಟ್ಟಿ ಊರಿಗೆ ಬಂದೆ. ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿ ಸುಗ್ಗಿ. ಸೋಮವಾರ, ಗುರುವಾರ ಪೇಟೆ. ಊರಿಗೆ ಊರೇ ಘಾಟು, ಬಸ್ ಇಳಿದ ಕೂಡಲೇ ಸೀನು. ಅವ್ವ ಮನೆಯಲ್ಲೇ ತೊಟ್ಟು ಬಿಡಿಸುವ ಕೆಲಸ ತಂದಿದ್ದಳು. ನಾನೂ ಕೂತೆ. ಇಬ್ಬರೂ ಸೇರಿ ದಿನಕ್ಕೆ 300 ರೂಪಾಯಿ ಆಗುತ್ತಿತ್ತು. ಸೋದರಮಾವ ಬಂದವನೇ, "ಸಾಕಿನ್ನ, ಮದಿವಿ ಮಾಡಿ ಮುಗಸ್ರಿ" ಅಂದ. ಅಪ್ಪ ಹೂಂ ಅನ್ನಲಿಲ್ಲ, ಊಂಹೂಂ ಅನ್ನಲೂ ಇಲ್ಲ. ಆಮೇಲೆ ನನ್ನೊಬ್ಬಳಿಗೇ, "ಮುಂದಿನ ವರ್ಷದ ದೀಪಾವಳಿ ತನಕ ನೋಡೂಣು" ಅಂದರು.

ಅವರ ಕೆಲಸ ನಾನು ಚಿಕ್ಕಂದಿನಿಂದ ನೋಡಿದ್ದೆ. ಈಗ ಎಲ್ಲ ಕಂಪ್ಯೂಟರ್ ಬಂದಿದೆ, ಆದರೂ ಅಪ್ಪ ಕೆಂಪು ಬಟ್ಟೆ ರಟ್ಟಿನ ಕಿರ್ದಿ ಬಿಟ್ಟಿಲ್ಲ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು, ಕೆಳಗೆ ಶಿಲ್ಕು, ಅಂದರೆ ಉಳಿದ ಮೊತ್ತ. ಶಿಲ್ಕು ಕೂಡದೆ ಮನೆಗೆ ಬರುವುದಿಲ್ಲ. 2023ರ ದೀಪಾವಳಿಗೆ ಅಂಗಡಿಯಲ್ಲಿ ಹೊಸ ಕಿರ್ದಿಗಳ ಪೂಜೆ ಆಯಿತು. ಒಂದು ಹೆಚ್ಚಿಗೆ ತಂದಿದ್ದರು. ಅರಿಷಿಣ ಕುಂಕುಮ ಹಚ್ಚಿದ್ದನ್ನು ಹಾಗೇ ನನ್ನ ಕೈಗೆ ಕೊಟ್ಟರು. "ನಷ್ಟ ಆದ್ರ ನಷ್ಟ ಅಂತ ಬರಿ. ಹಾಳಿ ಮಾತ್ರ ಹರೀಬ್ಯಾಡ." ಅಷ್ಟೇ ಹೇಳಿದ್ದು.

ನನ್ನ ಕಿರ್ದಿಯಲ್ಲಿ ತಾಸಿನ ಲೆಕ್ಕ ಇಲ್ಲ. ಎಷ್ಟು ಹೊತ್ತು ಕೂತೆ ಅನ್ನುವುದು ಜಮಾ ಅಲ್ಲ. ರಾತ್ರಿ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿನಿಂದ ಎಷ್ಟು ಸಾಲು ಬರೆಯಲು ಬಂತೋ ಅಷ್ಟೇ ಜಮಾ. ಏಕೀಕರಣ ಓದಿದ ದಿನ ಇಪ್ಪತ್ತು ಪುಟಕ್ಕೆ ಹನ್ನೊಂದು ಸಾಲು ಬಂದವು. ಧಾರವಾಡದ ವಿದ್ಯಾವರ್ಧಕ ಸಂಘ ಹುಟ್ಟಿದ 1890 ಬಂತು, ಅದರ ಮುಂದೆ ದಿನಾ ಓಡಾಡಿದ್ದೆನಲ್ಲ. ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗದ 1953 ಬರಲೇ ಇಲ್ಲ. ಖರ್ಚಿನ ಕಡೆ, ಮನಸ್ಸು ಎಲ್ಲೆಲ್ಲಿ ಹೋಯಿತು ಅನ್ನುವುದು, ಹೆಸರು ಹಿಡಿದು. ಮಾವನ ಮಾತು, 40 ನಿಮಿಷ. ನಾಳೆ ಗಂಡಿನವರು ಬರ್ತಾರೆ, ಇಡೀ ಮಧ್ಯಾಹ್ನ. ಸುಮ್ನೆ ಅಂತ ಒಂದು ಕಲಮೂ ಇತ್ತು. ಏನೂ ಮಾಡದೆ ಮಾಳಿಗೆ ನೋಡುತ್ತಾ ಮಲಗಿದ್ದು ಅದಕ್ಕೆ ಹೋಗುತ್ತಿತ್ತು.

ಒಂದು ತಿಂಗಳ ಖರ್ಚು ಕೂಡಿಸಿದಾಗ ನನಗೇ ಗಾಬರಿ ಆಯಿತು. ರೀಲ್ಸ್ ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ಅಲ್ಲ. ಟೆಲಿಗ್ರಾಮ್ ಗ್ರೂಪಿನ ಕಟ್‌ಆಫ್ ಚರ್ಚೆ, ದಿನಕ್ಕೆ ಸರಾಸರಿ ಒಂದೂವರೆ ತಾಸು. ಅದು ಓದಿನ ಹಾಗೇ ಕಾಣುತ್ತದೆ, ಅದಕ್ಕೇ ಸಿಕ್ಕಿಬಿದ್ದಿರಲಿಲ್ಲ. ಅವತ್ತೇ ಏಳು ಗ್ರೂಪ್ ಬಿಟ್ಟೆ. ಒಂದನ್ನು ಅಧಿಸೂಚನೆ ನೋಡಲು ಇಟ್ಟುಕೊಂಡೆ.

ಆದರೂ ಮೊದಲ ತಿಂಗಳು ಸೋತೆ. ಜಮಾ ಕಾಲಂ ತುಂಬಿ ತುಳುಕುತ್ತಿತ್ತು, ಅಣಕು ಪರೀಕ್ಷೆಯಲ್ಲಿ ಬಂದದ್ದು 46. ಯಾಕೆ ಅಂದರೆ ನಡುನಡುವೆ ಪುಸ್ತಕ ತೆರೆದು ಇಣುಕುತ್ತಿದ್ದೆ. ಸುಳ್ಳು ಜಮಾ. ಅಪ್ಪನಿಗೆ ಹೇಳಿದೆ. ಗಲ್ಲಾದ ಕೀಲಿ ಒಬ್ಬರ ಹತ್ತಿರ, ಕಿರ್ದಿ ಇನ್ನೊಬ್ಬರ ಹತ್ತಿರ ಇರಬೇಕು ಅಂದರು. ಅವತ್ತಿನಿಂದ ಪುಸ್ತಕ ಅವ್ವನ ತೊಡೆಯ ಕೆಳಗೆ.

ಅವ್ವ ಕಲಿತದ್ದು ಮೂರನೇ ಇಯತ್ತೆ. ರಾತ್ರಿ ಒಂಬತ್ತಕ್ಕೆ ಎದುರುಬದುರು ಕೂರುತ್ತಿದ್ದೆವು, ನಡುವೆ ಮೆಣಸಿನಕಾಯಿ ರಾಶಿ. ಅವಳು ತೊಟ್ಟು ಬಿಡಿಸುತ್ತಾ "ಮುಂದ?" ಅನ್ನುತ್ತಿದ್ದಳು. ನಾನು ಬಾಯಲ್ಲಿ ಹೇಳಿ ಆಮೇಲೆ ಬರೆಯುತ್ತಿದ್ದೆ. ತಡವರಿಸಿದರೆ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ವಿಷಯ ಅವಳಿಗೆ ಗೊತ್ತಿಲ್ಲ, ಆದರೆ ನಾನು ತೇಲಿಸುವುದು ಗೊತ್ತಾಗುತ್ತಿತ್ತು. "ಇದು ಬರಲಿಲ್ಲ ನಿನಗ, ಬಿಡು, ಬಾಕಿ ಹಚ್ಚು" ಅನ್ನುತ್ತಿದ್ದಳು. ಅವಳಷ್ಟು ಖಡಕ್ ಪರೀಕ್ಷಕರನ್ನು ಧಾರವಾಡದಲ್ಲೂ ನಾನು ಕಾಣಲಿಲ್ಲ.

ಬಾಕಿಯದ್ದೇ ದೊಡ್ಡ ಕಥೆ. ಬಿಟ್ಟುಹೋದ ಪಾಠವನ್ನೆಲ್ಲ ನಾಳೆಗೆ, ನಾಡಿದ್ದಿಗೆ ಅಂತ ಎಳೆಯುತ್ತಾ ಹೋದೆ. ಜನವರಿಯ ಹೊತ್ತಿಗೆ ಬಾಕಿ ಪಟ್ಟಿ ನಾಲ್ಕು ಹಾಳೆ ಆಯಿತು. ಅದನ್ನು ನೋಡಿದರೇ ಎದೆ ಮತ್ತೆ ಡವಡವ. ಅಪ್ಪ ಅಂದರು, "ಬಾರದ ಬಾಕಿ ದಿನಾ ಬರದ್ರ ಹಾಳಿ ತುಂಬತೈತಿ, ಗಲ್ಲಾ ತುಂಬಾಂಗಿಲ್ಲ." ಆಮೇಲೆ ನಿಯಮ ಮಾಡಿದೆ. ಮೂರು ದಿನ ದಾಟಿದ ಬಾಕಿಗೆ ಅಡ್ಡ ಗೆರೆ. ವಸೂಲಾಗದ ಸಾಲ, ಮುಗಿಯಿತು. ಆ ಪಾಠ ಮುಖ್ಯವಾಗಿದ್ದರೆ ಅಣಕು ಪರೀಕ್ಷೆಯಲ್ಲಿ ಮತ್ತೆ ತಾನಾಗೇ ಎದುರಿಗೆ ಬರುತ್ತದೆ, ಆಗ ಹೊಸ ಖಾತೆ. ಇದನ್ನು ಯಾರೂ ಒಪ್ಪುವುದಿಲ್ಲ, ಸಿಲೆಬಸ್ ಬಿಟ್ಟರೆ ಹೇಗೆ ಅಂತಾರೆ. ನಾನು ಬಿಟ್ಟೆ. ಮನಸ್ಸು ಹಗುರಾಗಿದ್ದು ಅಲ್ಲಿಂದಲೇ. ಓದಲು ಮನಸ್ಸಿಲ್ಲ ಅಂತ ಹಿಂದೆ ತಿಂಗಳಿಗೆ ಎಂಟು ದಿನ ಹೋಗುತ್ತಿತ್ತು, ಅದು ಎರಡಕ್ಕೆ ಇಳಿಯಿತು. ಆ ಎರಡು ದಿನವನ್ನೂ ಸೊನ್ನೆ ಜಮಾ ಅಂತ ಬರೆದೆ. ಹಾಳೆ ಹರಿಯಲಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಹದಿನೈದು ದಿನಕ್ಕೊಮ್ಮೆ ಅಣಕು ಪರೀಕ್ಷೆಗೆ ಧಾರವಾಡಕ್ಕೆ ಹೋಗುತ್ತಿದ್ದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಗಿತ್ತಲ್ಲ, ಇಲ್ಲದಿದ್ದರೆ ಈ ಓಡಾಟ ಆಗುತ್ತಲೇ ಇರಲಿಲ್ಲ. ಖರ್ಚು ಅಂದರೆ ಪರೀಕ್ಷೆಗೆ 50, ಚಹಾಕ್ಕೆ 10. ಬುತ್ತಿ ಮನೆಯದು, ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಆ ಸೊನ್ನೆ ರೂಪಾಯಿ ಟಿಕೆಟಿನ ಹಿಂದೆ ಒಂದೊಂದು ಇಸವಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಎರಡು ತಾಸಿನ ದಾರಿಯಲ್ಲಿ ಒಂದು ಚೀಟಿ ಎತ್ತುವುದು, ಆ ವರ್ಷ ಏನಾಯಿತು ಅಂತ ನೆನೆಯುವುದು. ಸವಣೂರ ಕಡೆಯ ಒಬ್ಬಳು ಹುಡುಗಿ ಪಕ್ಕದಲ್ಲಿ ಕೂತು ತಾನೂ ಆಡತೊಡಗಿದಳು. ಬೇಸಿಗೆಯಲ್ಲಿ ಚೀಟಿಗಳು ಬೆವರಿಗೆ ಮುದ್ದೆಯಾದವು, ಆಟ ನಿಂತಿತು. ಇಸವಿಗಳು ಮಾತ್ರ ಉಳಿದವು.

ಎರಡನೇ ಪತ್ರಿಕೆಯ ಕಂಪ್ಯೂಟರ್ ಭಾಗಕ್ಕೆ ನನ್ನದೇ ದನಿ ರೆಕಾರ್ಡ್ ಮಾಡಿ ತೊಟ್ಟು ಬಿಡಿಸುವಾಗ ಕೇಳಿದೆ. ಇದು ಅಷ್ಟಕ್ಕಷ್ಟೇ. ಕೈಗೆ ಕೆಲಸ ಇದ್ದಾಗ ಕೇಳುವುದಕ್ಕಿಂತ ಹೇಳುವುದೇ ಮೇಲು.

ಅಂಕ 46ರಿಂದ 58ಕ್ಕೆ, ಜೂನ್ ಹೊತ್ತಿಗೆ 70 ದಾಟಿ, ಸೆಪ್ಟೆಂಬರಿನಲ್ಲಿ 80ರ ಹತ್ತಿರ ಬಂತು. ಒಂದು ವರ್ಷದ ಒಟ್ಟು ಖರ್ಚು 9 ಸಾವಿರ ದಾಟಲಿಲ್ಲ. ಹಿಂದಿನ ಒಂದು ಲಕ್ಷ ಇಪ್ಪತ್ತು ಸಾವಿರದ ಪಕ್ಕದಲ್ಲಿ ಇಟ್ಟು ನೋಡಿ.

ಪರೀಕ್ಷೆಗೆ ಮೊದಲಿನ ಹತ್ತು ದಿನ ಕಿರ್ದಿ ಹೇಗೆ ಬದಲಾಯಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಡುವುದೋ ಹಿಡಿಯುವುದೋ ಅಂತ ನಿರ್ಧರಿಸಲು ಹಿಂದಿನ ಪುಟದಲ್ಲಿ ಒಂದು ಲೆಕ್ಕ ಇತ್ತು, ಅದನ್ನೂ ಇಲ್ಲ. ನನ್ನ ತಂಗಿ ಈಗ ಓದುತ್ತಿದ್ದಾಳೆ. ಮೊದಲು ಅವಳಿಗೆ.

2024ರ ಅಕ್ಟೋಬರ್ 27, ಭಾನುವಾರ, ಪರೀಕ್ಷೆ. ದೀಪಾವಳಿ ಇನ್ನು ನಾಲ್ಕೇ ದಿನ. ಬರೆದು ಬಂದು ಕೀ ಉತ್ತರ ನೋಡಲಿಲ್ಲ, ಯಾರ ಫೋನೂ ಎತ್ತಲಿಲ್ಲ. ರಾತ್ರಿ ಒಂಬತ್ತಕ್ಕೆ ಅವ್ವನ ಎದುರು ಕೂತು, ನೆನಪಿದ್ದ ಪ್ರಶ್ನೆಗಳನ್ನೆಲ್ಲ ಹೇಳಿದೆ. ಅವಳು ಅಭ್ಯಾಸಬಲದಿಂದ "ಮುಂದ?" ಅಂದಳು. ಮುಂದೆ ಇರಲಿಲ್ಲ. ಅಪ್ಪ ಅಂಗಡಿಯಿಂದ ಬಂದು, ಕಾಲು ತೊಳೆದು, ನನ್ನ ಕಿರ್ದಿ ತಿರುವಿ ನೋಡಿದರು. ಅಷ್ಟೂ ದಿನದಲ್ಲಿ ಅವರು ಅದನ್ನು ಮುಟ್ಟಿದ್ದು ಅವತ್ತೇ. ಒಂದೊಂದೇ ಹಾಳೆ ಎಣಿಸಿದರು. ಒಂದೂ ಹರಿದಿರಲಿಲ್ಲ.